ಎರಡು ಬೆರಳಿನ ಸಡಿಲ

ಅತ್ತೆಯ ಅಂಗೈ ಚರ್ಮ ಸದಾ ಸುಲಿದು ಬೆಳ್ಳಗಿರುತ್ತಿತ್ತು. ಮೂಸಿದರೆ ಫಿನಾಯಿಲ್. ರೊಟ್ಟಿ ತಟ್ಟಿದರೂ ಹೂ ಕಟ್ಟಿದರೂ ಆ ವಾಸನೆ ಹೋಗುತ್ತಿರಲಿಲ್ಲ. ಅಪ್ಪನ ಅಕ್ಕ ಅವಳು. ರಾಯಚೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನೂ ಅಣ್ಣನನ್ನೂ ಸಾಕಿದ್ದು ಅದೇ ಕೈ. ಕಂಡವರ ಹೇಲು-ಉಚ್ಚೆ ಬಳಿದು ಅವಳು ಓದಿಸಿದ್ದಕ್ಕೇ ನಾನಿಂದು ದೇವದುರ್ಗದಲ್ಲಿ ಟೀಚರ್.

ಭಾರಿ ಬಾಯಿ ಅವಳದು. "ಯಾಕ್ರೀ ಸಾಹೇಬ್ರ, ಮುದುಕ ಆಗಿಂದ ನೀರು ಕೇಳಾಕತ್ತಾನ, ನಿಮಗ ಕಿವಿ ಇಲ್ಲೇನ್ರಿ?" ಎಂದು ಡಾಕ್ಟರಿಗೇ ಅಂದು ಬೈಸಿಕೊಂಡದ್ದನ್ನು ತಾನೇ ನಗುತ್ತ ಹೇಳುತ್ತಿದ್ದಳು.

ಕೆಲಸ ಬಿಟ್ಟು ಮಾನ್ವಿಯಲ್ಲಿ ಅಣ್ಣನ ಮನೆ ಸೇರಿದಳು. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. "ಒಂದೀಟು ಕೇಳ್ರಿ. ನನ್ನ ಹೊತ್ತು ಬಂದ್ರ ರಾಯಚೂರಿಗೆ ಒಯ್ಯಬ್ಯಾಡ್ರಿ. ಬಾಯಾಗ ಪೈಪ್ ಹಾಕ್ತಾರ, ಕಿತ್ಕೋಬಾರದಂತ ಕೈ ಮಂಚಕ್ಕ ಕಟ್ತಾರ. ನಾನೇ ಎಷ್ಟು ಮಂದೀದು ಕಟ್ಟೀನಿ. ಎರಡು ಬೆರಳು ಹೋಗೋವಷ್ಟು ಸಡಿಲ ಬಿಟ್ಟೇ ಕಟ್ತಿದ್ದೆ, ಆದ್ರೂ ಅವರು ನನ್ನ ನೋಡೋದು ನೋಡಾಕ ಆಗ್ತಿದ್ದಿಲ್ಲ. ನನ್ನ ಕೈ ಕಟ್ಟಿಸಬ್ಯಾಡ್ರಪ್ಪಾ."

"ಬಿಡ್ತು ಅನ್ನು!" ಅಣ್ಣ ತಟ್ಟೆ ಸರಿಸಿದ. "ಉಣ್ಣೋ ಹೊತ್ತಿನ್ಯಾಗ ಎಂಥಾ ಮಾತಿದು?"

ನಾನು ಬೆಲ್ಲದ ಚೂರು ಅವಳ ಬಾಯಿಗೆ ತುರುಕಿ, "ಬಿಡ್ತು ಅನ್ನು ಅತ್ತಿ" ಅಂದೆ. ಓದಿದವಳು ನಾನು! ಅವಳು ನಮ್ಮಿಬ್ಬರ ಮುಖ ನೋಡಿ, "ಬಿಡ್ತಪ್ಪಾ, ಬಿಡ್ತು" ಎಂದು ಬೆಲ್ಲ ಚೀಪಿದಳು. ಯುಗಾದಿಗೆ ಮತ್ತೆ ಆ ಮಾತು ತೆಗೆದಳು. ಮತ್ತೆ "ಬಿಡ್ತು" ಅನ್ನಿಸಿದೆವು. ಆಮೇಲೆ ಅವಳು ಆ ಸುದ್ದಿಗೇ ಬರಲಿಲ್ಲ.

ಹೋದ ವರ್ಷ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಯಿತು. ಮಂದಿ ಏನಂದಾರು ಎಂದು ಅಣ್ಣ ರಾಯಚೂರಿಗೇ ಒಯ್ದ. ಡಾಕ್ಟರು ಒಳ್ಳೆಯವರೇ. "ಮಷಿನ್ ಹಾಕಿದ್ರೂ ಭರವಸೆ ಇಲ್ಲ. ಇಂಥಾ ಹೊತ್ತಿನ್ಯಾಗ ಏನು ಮಾಡಬೇಕಂತ ಅವರು ಮೊದಲೇ ಹೇಳಿದ್ದು ಏನರ ಅದ ಏನ್ರಿ?" ಎಂದು ಕೇಳಿದರು. ಅಣ್ಣ ನನ್ನ ಮುಖ ನೋಡಿದ. ಹೌದು ಅಂದರೆ ಅವಳನ್ನು ನಾನೇ ಕೊಂದ ಹಾಗಾಗುತ್ತದೆ ಅನ್ನಿಸಿತು. "ಇಲ್ರಿ" ಅಂದೆ.

ಮೂರನೆಯ ದಿನ ನನ್ನನ್ನು ಒಳಗೆ ಬಿಟ್ಟರು. ಬಾಯಲ್ಲಿ ಪೈಪು. ಇನ್ನೂ ಸ್ವಾಧೀನವಿದ್ದ ಬಲಗೈಯನ್ನು ಮಂಚದ ಸರಳಿಗೆ ಬಟ್ಟೆಪಟ್ಟಿಯಿಂದ ಬಿಗಿದಿದ್ದರು. ಗಂಟಿನ ಕೆಳಗೆ ಬೆರಳು ತೂರಿಸಿ ನೋಡಿದೆ. ಒಂದೂ ಹೋಗಲಿಲ್ಲ. ಅಲ್ಲಿದ್ದ ಆಯಾಗೆ ಕೈಮುಗಿದೆ. "ಯವ್ವಾ, ಎರಡು ಬೆರಳಷ್ಟು ಸಡಿಲ ಮಾಡಬೇ." ಪಾಪ, ಮಾಡಿದಳು. ಅತ್ತೆ ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದಳು. ಅವಳು ಹೇಳಿದ್ದ ಆ ನೋಟವನ್ನು ನಾನೂ ನೋಡಿದೆ.

ಒಂಬತ್ತನೆಯ ದಿನ ಹೋದಳು. ನನ್ನನ್ನು ಸಾಕಿ ಸಲಹಿದವಳಿಗೆ ನಾನು ಕೊಟ್ಟದ್ದು ಅಷ್ಟೇ, ಎರಡು ಬೆರಳಿನ ಸಡಿಲ.