ಜಿನ್ನಿನ ಪಟ್ಟಾ, ಗುರುಸಿದ್ದಪ್ಪನ ಬಾಯಿ

ತಾನಾಗಿ ಬಾಗಿಲಿಗೆ ಬಂದ ಗಿರಾಕಿಗೆ ಚಹಾ ಕುಡಿಸಿ, 'ನಿಮ್ಮ ಕೆಲಸ ನನ್ನ ಕೈಲೆ ಆಗೂದಿಲ್ರಿ' ಎಂದು ಕಳಿಸುವ ವ್ಯಾಪಾರಸ್ಥನನ್ನು ನೀವು ನೋಡಿದ್ದೀರಾ? ನಾನು ಹೋದ ತಿಂಗಳು ಅಣ್ಣಿಗೇರಿಯಲ್ಲಿ ನೋಡಿದೆ.

ನನ್ನ ಹೆಂಡತಿಯ ತಮ್ಮ ಬಸವರಾಜ ಹುಬ್ಬಳ್ಳಿಯಲ್ಲಿ ಮಷಿನ್ ತಿರುಗಿಸುವ ಬೆಲ್ಟು, ಅಂದರೆ ಪಟ್ಟಾ, ಮಾಡುವ ಸಣ್ಣ ಕಾರ್ಖಾನೆ ಹಾಕಿದ್ದಾನೆ. ಅದನ್ನು ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳಿಗೆ ಮಾರಬೇಕು. ಜಿನ್ ಮಾಲೀಕರೇನು ಗೋಡೆಬರಹ ಓದಿ ಪಟ್ಟಾ ಕೊಳ್ಳುತ್ತಾರೆಯೇ? 'ಗುರುಸಿದ್ದಪ್ಪನ ಕಡೆ ಹೋಗೂಣು ಬರ್ರಿ ಮಾಮಾ' ಎಂದು ನನ್ನನ್ನೂ ಬಸ್ಸು ಹತ್ತಿಸಿದ. (ಪೇಪರಿನಲ್ಲಿ ಬರೆಯುವವನು ಜೊತೆಗಿದ್ದರೆ ತೂಕ ಬರುತ್ತದೆ ಎಂಬುದು ಅವನ ಭ್ರಮೆ.)

ಅಣ್ಣಿಗೇರಿಯ ಈ ಗುರುಸಿದ್ದಪ್ಪನದು ಪಬ್ಲಿಸಿಟಿ ಏಜೆನ್ಸಿ. ಸಾಬೂನು, ಬೀಡಿ, ಸಿನಿಮಾ ಯಾವುದನ್ನೂ ಮುಟ್ಟುವುದಿಲ್ಲ. ಜಿನ್ನುಗಳಿಗೆ ಸಾಮಾನು ಮಾಡುವ ಕಂಪನಿಗಳಷ್ಟೇ ಅವನ ಗಿರಾಕಿಗಳು. ಹ್ಯಾಂಡ್‌ಬಿಲ್ ಹಂಚಿ ಸುಮ್ಮನಾಗುವವನಲ್ಲ. ಶಲವಡಿ ಕಡೆಯ ಮಾಲೀಕನನ್ನು ನವಲಗುಂದದ ಜಿನ್ನಿಗೆ ಕರೆದೊಯ್ದು, ಓಡುವ ಯಂತ್ರದ ಮುಂದೆ ನಿಲ್ಲಿಸಿ, ಅಲ್ಲಿಯ ಮಾಲೀಕನ ಬಾಯಿಂದಲೇ ಮಾಲಿನ ಗುಣ ಹೇಳಿಸುತ್ತಾನೆ. ಒಮ್ಮೆ ಬಂದ ಕಂಪನಿ ಅವನನ್ನು ಬಿಟ್ಟು ಹೋದದ್ದಿಲ್ಲ.

ಬಸವರಾಜನ ಮಾತು ಕೇಳಿ ಗುರುಸಿದ್ದಪ್ಪನೆಂದ: 'ಪಟ್ಟಾ ಮಾಡೋ ಗದಗಿನ ಸಾವಕಾರ್ರು ನನ್ನ ಮೊದಲನೇ ಗಿರಾಕಿ ರೀ. ಅವರನ್ನ ಇಟ್ಕೊಂಡು, ನಿಮ್ಮ ಪಟ್ಟಾ ಚಲೋ ಅಂತ ಯಾವ ಬಾಯಿಲೆ ಹೇಳ್ಲಿ?'

ಅಷ್ಟರಲ್ಲಿ ಜಿನ್ ಮಾಲೀಕನೊಬ್ಬ ಒಳಗೆ ಬಂದವನೇ ಹರಿದ ಪಟ್ಟಾವೊಂದನ್ನು ಟೇಬಲ್ ಮೇಲೆ ಒಗೆದ. 'ನಿನ್ನ ಮಾತ ನಂಬಿ ಹಾಕಿದೆ ಗುರುಸಿದ್ದಪ್ಪಾ. ಹಂಗಾಮಿನ್ಯಾಗ ಜಿನ್ ಬಂದ್ ಬಿದ್ದತಿ!'

ಗದಗಿನ ಪಟ್ಟಾ! ಗುರುಸಿದ್ದಪ್ಪನ ಮುಖ ಸಣ್ಣದಾಯಿತು. ಬಸವರಾಜನದು ಅರಳಿತು. (ಮನುಷ್ಯ ಸ್ವಭಾವ, ಏನು ಮಾಡುವುದು?)

'ಇವರೂ ಪಟ್ಟಾ ಮಾಡ್ತಾರ. ಸದ್ಯಕ್ಕ ಇವರದ ಹಾಕ್ರಿ, ನಿಮ್ಮ ಜಿನ್ ನಡೀಲಿ' ಎಂದು ಮಾಲೀಕನಿಗೆ ಬಸವರಾಜನನ್ನು ತೋರಿಸಿದವನೇ, ಹರಿದ ಪಟ್ಟಾ ಬಗಲಲ್ಲಿಟ್ಟುಕೊಂಡು ಗದಗಿನ ಬಸ್ಸಿಗೆ ಹೊರಟ. ಕುತೂಹಲ ತಡೆಯದೆ ನಾನೂ ಹತ್ತಿದೆ.

ಹರಿದ ಪಟ್ಟಾ ಮುಂದಿಟ್ಟು ಬದಲಿ ಕೊಡಬೇಕು ಎಂದಾಗ ಸಾವಕಾರರು ಕೆಂಡವಾದರು. 'ನೀ ನಮ್ಮ ಪ್ರಚಾರ ಮಾಡಾಂವೋ, ನಮಗ ಬುದ್ಧಿ ಹೇಳಾಂವೋ?'

'ಈ ಮಾಲು ಹೋದ ಜಿನ್ನಿಗೆಲ್ಲಾ ನಾನ ಹೋಗಿ, ತಗದ ಇಡ್ರಿ ಅಂತ ಹೇಳಾಂವ ರೀ. ಬದಲಿ ಮಾಲು ಕಳಿಸ್ತೀರೋ ಇಲ್ಲೋ, ಅಷ್ಟ ಹೇಳ್ರಿ.'

'ನಾಳಿಂದ ನೀ ಬರಬ್ಯಾಡ.'

ಗುರುಸಿದ್ದಪ್ಪ ಕೈಮುಗಿದು ಎದ್ದ. ಮರುದಿನದಿಂದಲೇ ಹೇಳಿದಂತೆ ಜಿನ್ನು ಜಿನ್ನು ತಿರುಗಿದನಂತೆ.

ಮುಂದಿನ ವಾರ ಅವನ ಬಾಗಿಲಲ್ಲಿ ಕಾರು ನಿಂತಿತು. ಹಿಂದಿನ ಸೀಟಿನ ತುಂಬ ಹೊಸ ಪಟ್ಟಾ, ಮುಂದೆ ಸ್ವತಃ ಸಾವಕಾರರು. 'ಏಳೋ, ಯಾವ ಯಾವ ಜಿನ್ನಿಗೆ ಹೋಗಬೇಕು ತೋರ್ಸು' ಎಂದರಂತೆ. ಇದನ್ನು ನನಗೆ ಹೇಳಿದವನು ಬಸವರಾಜನೇ. 'ಅಂಥಾ ಏಜೆಂಟ್ ನನಗ ಸಿಗೂದಿಲ್ಲ ಬಿಡ್ರಿ ಮಾಮಾ' ಎಂದು ನಿಟ್ಟುಸಿರು ಬಿಟ್ಟ.

ಗುರುಸಿದ್ದಪ್ಪನಂಥವರು ಸಿಕ್ಕಾರು. ಆದರೆ ಹೊಗಳಲೆಂದು ಇಟ್ಟುಕೊಂಡವನು ಮುಖದ ಮೇಲೆ ತಪ್ಪು ಹೇಳಿ ಎದ್ದು ಹೋದರೆ, ಅವನ ಬಾಗಿಲಿಗೆ ಕಾರು ಒಯ್ಯುವವರು ನಮ್ಮಲ್ಲಿ ಎಷ್ಟು ಜನ?