ಅತ್ತಿಗೆಯ ನಿಂಬೆ, ನಾದಿನಿಯ ಅಂಜೂರ

ಆ ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಮನೆಯ ಹಿಂದಿನ ಕೋಣೆಯಲ್ಲಿ, ಹಿತ್ತಿಲಿಗೆ ತೆರೆಯುವ ಕಿಟಕಿಯ ಕೆಳಗೆ ಹೊಲಿಗೆ ಯಂತ್ರದ ಮುಂದೆ ಕೂತಳೆಂದರೆ ಊಟಕ್ಕೂ ಕೂಗಿ ಎಬ್ಬಿಸಬೇಕು. ಬಾಯಲ್ಲಿ ಸದಾ ಒಂದೆರಡು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ತುಟಿಯ ಒಂದೇ ಮೂಲೆಯಿಂದ ಮಾತಾಡುವುದು ಅವಳಿಗೆ ರೂಢಿಯಾಗಿಹೋಗಿತ್ತು. ಸೂಜಿ ಇಲ್ಲದಾಗಲೂ ಹಾಗೆಯೇ ಮಾತಾಡುತ್ತಿದ್ದಳು. ಎಲ್ಲದಕ್ಕೂ ಅಳತೆ ಬೇಕು. ಅಡುಗೆಗೆ ಉಪ್ಪು ಹಾಕುವಾಗಲೂ ಚಮಚದ ಮೇಲೆ ಬೆರಳೆಳೆದು ಮಟ್ಟ ಮಾಡುವ ಹೆಂಗಸು.

ಅದೇ ಮನೆಯಲ್ಲಿ ಅವಳ ನಾದಿನಿಯೂ ಇದ್ದಳು. ಐವತ್ತು ದಾಟಿ ತಲೆ ಅರ್ಧ ಬೆಳ್ಳಗಾಗಿದ್ದರೂ ಮನೆಯವರಿಗೆ ಅವಳಿನ್ನೂ ಪುಟ್ಟಿ. ಮದುವೆಯ ಗೊಡವೆಗೆ ಹೋಗದೆ, ಬೀದಿ ತುದಿಯ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿದ್ದಳು; ಈಗ ಅಲ್ಲಿನ ಒಲೆಯ ಮುಂದೆ ಅವಳದೇ ಮಾತು ನಡೆಯುತ್ತಿತ್ತು. ಅತ್ತಿಗೆಯದು ಬಿಗಿ ಕೈಯಾದರೆ ಪುಟ್ಟಿಯದು ಧಾರಾಳದ ಕೈ. ಒಂದು ಹಿಡಿ ಎಂದರೆ ಎರಡು ಹಿಡಿ, ಸಾಕು ಎಂದ ಮೇಲೆ ಇನ್ನೊಂದು ಹಿಡಿ.

ಇಬ್ಬರ ನಡುವೆ ಸಿಕ್ಕಿಕೊಂಡಿದ್ದವನು ಟೈಲರಮ್ಮನ ಗಂಡ, ಬಸ್ ಡ್ರೈವರ್. ರಸ್ತೆಯಲ್ಲಿ ಹಾರ್ನ್ ಹೊಡೆದು ಊರನ್ನೇ ಎಬ್ಬಿಸುವವನು ಮನೆಯಲ್ಲಿ ಮಾತ್ರ ಬಾಯಿಗೆ ಬೀಗ. ಗಿಡಗಳನ್ನು ತಂದವನೂ ಅವನೇ. ಗಿಡ ಮಾರುವವನೊಬ್ಬ ಕೊನೆಯ ಟ್ರಿಪ್ಪಿನಲ್ಲಿ ಇಳಿಯುವಾಗ, ಉಳಿದ ಎರಡು ಸಸಿಗಳನ್ನು ಹೊರಲಾರದೆ ಇವನ ಕೈಗೆ ಕೊಟ್ಟುಹೋಗಿದ್ದ. ಒಂದು ನಿಂಬೆ, ಒಂದು ಅಂಜೂರ. ಯಾರಿಗೆ ಯಾವುದು ಎಂದು ಹೇಳಹೊರಟರೆ ತನಗೇ ಉರುಳು ಎಂದುಕೊಂಡು ಎರಡನ್ನೂ ಹಿತ್ತಿಲಲ್ಲಿಟ್ಟು ಸ್ನಾನಕ್ಕೆ ಹೋಗಿಬಿಟ್ಟ. ತಲೆ ಒರೆಸಿಕೊಂಡು ಹೊರಬರುವಷ್ಟರಲ್ಲಿ ನಿಂಬೆ ಹೆಂಡತಿಯದಾಗಿತ್ತು, ಅಂಜೂರ ತಂಗಿಯದಾಗಿತ್ತು.

ಟೈಲರಮ್ಮ ನಿಂಬೆಯನ್ನು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ನೆಟ್ಟಳು. ನೀರು ಹತ್ತಿರವಿದ್ದರೆ ಗಿಡಕ್ಕೆ ಒಳ್ಳೆಯದು ಎಂಬ ಲೆಕ್ಕ. ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್, ಜೊತೆಗೆ ಕಲ್ಲಿನಿಂದ ಹರಿದು ನಿಲ್ಲುವ ನೀರು. ಪುಟ್ಟಿ ಅಂಜೂರವನ್ನು ಹೊಲಿಗೆ ಕೋಣೆಯ ಕಿಟಕಿಯೆದುರು, ಗೋಡೆಯ ಬುಡದಲ್ಲಿ ನೆಟ್ಟು, ಅದಕ್ಕೆ ಬಾಣಂತಿಗೆ ಮಾಡುವಷ್ಟು ಆರೈಕೆ ಮಾಡಿದಳು. ಮೂಟೆಗಟ್ಟಲೆ ಗೊಬ್ಬರ ತಂದು ಸುರಿದಳು. ಬೇಕರಿಯಲ್ಲಿ ಒಡೆದ ಮೊಟ್ಟೆಯ ಸಿಪ್ಪೆಯೆಲ್ಲ ಚೀಲ ತುಂಬಿ ಬಂದು ಅದರ ಬುಡ ಸೇರಿತು.

ನಾಲ್ಕೈದು ವರ್ಷ ಕಳೆಯಿತು. ಅಂಜೂರ ಗೋಡೆ ಮೀರಿ ಬೆಳೆದು, ಒಂದೊಂದು ಎಲೆ ಊಟದ ತಟ್ಟೆಯಷ್ಟಾಯಿತು. ಹಣ್ಣಿನ ಸುದ್ದಿಯೇ ಇಲ್ಲ. ನಿಂಬೆ ಹೂ ಬಿಡುವುದು, ಉದುರಿಸುವುದು, ಮತ್ತೆ ಬಿಡುವುದು, ಮತ್ತೆ ಉದುರಿಸುವುದು. ಎಲೆಗಳು ಹಳದಿಗೆ ತಿರುಗಿದವು.

ಬೆಳಗಿನ ಕಾಫಿ ಹಿಡಿದು ಹಿತ್ತಿಲಿಗೆ ಬಂದರೆ ಇಬ್ಬರಿಗೂ ಅದೇ ಮಾತು.

"ಅತ್ತಿಗೆ, ನಿಮ್ಮ ಗಿಡಕ್ಕೆ ಕಾಮಾಲೆ ಬಂದಿದೆ. ಡಾಕ್ಟರಿಗೆ ತೋರಿಸಿ."

"ನಿನ್ನದಕ್ಕೆ ಬೊಜ್ಜು ಬಂದಿದೆ ಕಣೇ. ತಿನ್ನೋದೊಂದೇ ಕೆಲಸ, ದುಡಿಮೆ ಇಲ್ಲ."

ಹಣ್ಣೇ ಬಿಡದ ಎರಡು ಗಿಡಗಳಲ್ಲಿ ಯಾವುದು ಹೆಚ್ಚು ಉಪಯೋಗ ಎಂಬ ವಾದ ಅದರ ಮೇಲೆ. ನಿಂಬೆಹಣ್ಣು ಕಿತ್ತ ಮೇಲೂ ವಾರಗಟ್ಟಲೆ ಇರುತ್ತದೆ, ಅಂಜೂರ ಒಂದು ದಿನಕ್ಕೇ ಕೊಳೆಯುತ್ತದೆ ಎಂದು ಟೈಲರಮ್ಮ. ಅಂಜೂರವನ್ನು ಹಾಗೇ ತಿನ್ನಬಹುದು, ನಿಂಬೆಯನ್ನು ಹಾಗೇ ತಿಂದು ತೋರಿಸಿ ನೋಡೋಣ ಎಂದು ಪುಟ್ಟಿ. ಡ್ರೈವರನನ್ನು ಕೇಳಿದರೆ ಎರಡೂ ಚೆನ್ನಾಗಿವೆ ಎಂದು ಹೇಳಿ ಡ್ಯೂಟಿಗೆ ಹೊರಡುತ್ತಿದ್ದ. ಡ್ಯೂಟಿ ಮಧ್ಯಾಹ್ನವಿದ್ದರೂ ಆಗಲೇ ಹೊರಡುತ್ತಿದ್ದ.

ಇದೆಲ್ಲ ನಗುನಗುತ್ತಲೇ ನಡೆಯುತ್ತಿತ್ತು. ಅದು ಕೆಟ್ಟದ್ದು ಪೈಪ್ ಹಾಕುವ ದಿನ.

ಒಗೆಯುವ ಕಲ್ಲಿನ ಬಳಿ ನೀರು ನಿಂತು ಗೋಡೆಗೆ ಪಾಚಿ ಹತ್ತಿದ್ದರಿಂದ, ಆ ನೀರನ್ನು ಬೀದಿಯ ಚರಂಡಿಗೆ ಬಿಡಲು ಪೈಪ್ ಹೂಳಬೇಕಾಗಿತ್ತು. ಪುಟ್ಟಿ ಬೇಕರಿಯಲ್ಲಿದ್ದಳು. ಕೆಲಸಕ್ಕೆ ಬಂದವರು ಹಿತ್ತಿಲನ್ನೆಲ್ಲ ನೋಡಿ, ಕಾಲುವೆ ತೋಡಲು ಎರಡೇ ದಾರಿ ಎಂದರು: ನಿಂಬೆಯ ಬುಡದಿಂದ, ಇಲ್ಲವೇ ಅಂಜೂರದ ಬುಡದಿಂದ. ಯಾವ ಕಡೆ ಹೋದರೂ ಬೇರು ಕಡಿಯದೆ ಆಗದು. ಯಾವ ಕಡೆ ಅಗೆಯಲಿ ಎಂದು ಕಿಟಕಿಯಲ್ಲಿ ಕೇಳಿದಾಗ ಟೈಲರಮ್ಮನ ಬಾಯಲ್ಲಿ ಸೂಜಿಗಳಿದ್ದವು. ಅವಳು ಕೈಯೆತ್ತಿ ಅಂಜೂರದ ಕಡೆ ತೋರಿಸಿದಳು.

ಗುದ್ದಲಿಯ ಸದ್ದು ಕೇಳಿಸಬಾರದೆಂದು ಅವತ್ತೆಲ್ಲ ಯಂತ್ರವನ್ನು ಜೋರಾಗಿ ತುಳಿದಳು. ಸಂಜೆ ಪುಟ್ಟಿ ಬಂದು ನೋಡಿದರೆ ಅಂಜೂರದ ಒಂದು ಪಕ್ಕದ ಬೇರೆಲ್ಲ ತುಂಡಾಗಿ, ಕಡಿದ ತುದಿಗಳಲ್ಲಿ ಬಿಳಿ ಹಾಲು ಒಸರುತ್ತಿತ್ತು. ಕೆಲಸದವರ ಮೇಲೆ ತಪ್ಪು ಹಾಕಿಬಿಡಬಹುದಿತ್ತು. ಟೈಲರಮ್ಮ ಹಾಗೆ ಮಾಡಲಿಲ್ಲ. ಹಿತ್ತಿಲ ಬಾಗಿಲಲ್ಲಿ ನಿಂತು ಹೇಳಿಯೇಬಿಟ್ಟಳು.

"ನಾನೇ ತೋರಿಸಿದ್ದು ಪುಟ್ಟಿ. ನನ್ನ ಗಿಡ ಉಳೀಲಿ ಅಂತ."

ಪುಟ್ಟಿ ಮೂಲೆಯಲ್ಲಿದ್ದ ಗೊಬ್ಬರದ ಮೂಟೆಯನ್ನು ದರದರ ಎಳೆದುಕೊಂಡು ಹೋಗಿ ನಿಂಬೆಯ ಬುಡಕ್ಕೆ ಸುರಿದಳು. "ಇನ್ನು ನನ್ನ ಗಿಡ ಬದುಕಲ್ಲ. ಇದನ್ನೂ ನಿಮ್ಮ ನಿಂಬೆಯೇ ತಿನ್ನಲಿ" ಎಂದು ಒಳಗೆ ಹೋದಳು. ಮೊಟ್ಟೆ ಸಿಪ್ಪೆಯ ಚೀಲವೂ ಅಲ್ಲಿಗೇ ಹೋಯಿತು.

ಅಲ್ಲಿಂದ ಮುಂದೆ ಮನೆಯಲ್ಲಿ ಮಾತು ಬೇಕಾದಷ್ಟೇ. ಉಪ್ಪು ಕೊಡಿ, ಬಾಗಿಲು ಹಾಕಿ, ಅಷ್ಟೇ. ಚಳಿಗಾಲ ಬಂತು. ಅಂಜೂರ ಎಲೆಯೆಲ್ಲ ಉದುರಿಸಿ ಬೋಳಾಯಿತು. ಪ್ರತಿ ವರ್ಷವೂ ಉದುರುತ್ತಿತ್ತು ನಿಜ, ಆದರೆ ಈ ಸಲ ಅದನ್ನು ನೋಡಲು ಪುಟ್ಟಿ ಹಿತ್ತಿಲಿಗೇ ಬರಲಿಲ್ಲ. ನೋಡುತ್ತಿದ್ದವಳು ಟೈಲರಮ್ಮ. ಬೋಳು ಕೊಂಬೆಗಳ ನಡುವಿನಿಂದ ಎಳೆಬಿಸಿಲು ನೇರ ಅವಳ ಯಂತ್ರದ ಮೇಲೆ ಬೀಳುತ್ತಿತ್ತು. ಆ ಬೆಳಕಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವುದೂ ಸಲೀಸು. ಬೇಸಿಗೆಯಲ್ಲಿ ಇದೇ ಮರದ ನೆರಳು ತನ್ನ ಕೋಣೆಯನ್ನು ತಂಪಾಗಿಟ್ಟಿತ್ತು ಎಂಬುದು ಅವಳ ಲೆಕ್ಕಕ್ಕೆ ಬಂದದ್ದು ಆಗಲೇ. ಇಷ್ಟು ವರ್ಷ ಉಪಯೋಗ ಪಡೆದವಳು ತಾನು, ಕಡಿಸಿದವಳೂ ತಾನು.

ಅತ್ತ ನಿಂಬೆಯ ಬುಡದಲ್ಲಿ ನೀರು ನಿಲ್ಲುವುದು ತಪ್ಪಿತ್ತು. ಹೊಟ್ಟೆಗೆ ಗೊಬ್ಬರವೂ ಬಿದ್ದಿತ್ತು. ಹಳದಿ ಎಲೆ ಉದುರಿ ಕಡುಹಸಿರು ಚಿಗುರು ಬಂತು, ಹೂ ಕಚ್ಚಿತು, ಬಟಾಣಿಯಷ್ಟು ಕಾಯಿ ನಿಂತವು. ಯಾರಿಗೆ ಹೇಳುವುದು? ಟೈಲರಮ್ಮ ಗಂಡನನ್ನು ಎಳೆದು ತಂದು ತೋರಿಸಿದಳು. ಚೆನ್ನಾಗಿದೆ ಎಂದ. ಎರಡೂ ಎನ್ನಲಿಲ್ಲ.

ಚಳಿ ಕಳೆದು ಬಿಸಿಲೇರುತ್ತಿದ್ದ ಒಂದು ದಿನ, ಕಾಲರ್ ತಿರುಗಿಸುತ್ತಿದ್ದವಳು ತಲೆಯೆತ್ತಿದರೆ, ಅಂಜೂರದ ಕೊಂಬೆಯಲ್ಲಿ ಹೊಸ ಎಲೆಯ ಸಂದಿಗೆ ಹಸಿರು ಗುಂಡಿಯಂಥದ್ದೊಂದು ಕೂತಿತ್ತು. ಹೂವಿಲ್ಲ, ತೊಟ್ಟು ಇದೆಯೋ ಇಲ್ಲವೋ ಎಂಬಷ್ಟು. ಪಕ್ಕದ ಎಲೆಯ ಸಂದಿಯಲ್ಲಿ ಇನ್ನೊಂದು. ಕಿಟಕಿಯಿಂದ ಬಗ್ಗಿ ನೋಡಿದರೆ ಕೊಂಬೆಯುದ್ದಕ್ಕೂ ಅದೇ.

ಹೊಲಿಗೆ ಅರ್ಧಕ್ಕೆ ಬಿಟ್ಟು ಎದ್ದ ಚರಿತ್ರೆಯೇ ಅವಳದಲ್ಲ. ಅವತ್ತು ಎದ್ದಳು. ಅಳತೆ ಟೇಪು ಕೊರಳಲ್ಲಿ ನೇತಾಡುತ್ತಿದ್ದ ಹಾಗೇ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಗಂಡನದು ಮೆಟ್ಟಿಕೊಂಡು ಬೀದಿಯುದ್ದ ಓಡಿದಳು. ಬೇಕರಿಯ ಗಿರಾಕಿಗಳನ್ನು ಸರಿಸಿಕೊಂಡು ಒಲೆಯ ಬಳಿಗೇ ನುಗ್ಗಿದಳು. ಪುಟ್ಟಿ ಮೊಣಕೈವರೆಗೆ ಹಿಟ್ಟಿನಲ್ಲಿದ್ದಳು.

"ಪುಟ್ಟಿ, ನಿನ್ನ ಗಿಡ ಕಾಯಿ ಬಿಟ್ಟಿದೆ."

"ಸುಮ್ನಿರಿ ಅತ್ತಿಗೆ. ಗಾಯದ ಮೇಲೆ ಉಪ್ಪು ಹಾಕಬೇಡಿ."

"ನನ್ನಾಣೆ ಕಣೇ. ಬಾ, ನೀನೇ ನೋಡು."

ಹಿಟ್ಟಿನ ಕೈಯಲ್ಲೇ ಬಂದಳು. ಒಂದೊಂದು ಕಾಯಿಯನ್ನೂ ಮುಟ್ಟಿದಳು. ಮುಟ್ಟಿದ್ದಕ್ಕೆಲ್ಲ ಬಿಳಿ ಬೆರಳಚ್ಚು ಬಿತ್ತು. ಬಳಿಕ ಪಕ್ಕಕ್ಕೆ ತಿರುಗಿ, ಅಷ್ಟು ದಿನ ಕಣ್ಣೆತ್ತಿಯೂ ನೋಡದಿದ್ದ ನಿಂಬೆಯನ್ನು ನೋಡಿದಳು. ನೋಡುತ್ತ ನೋಡುತ್ತ ನಗು ಶುರುವಾಯಿತು.

"ಅಂದ್ರೆ ನಾನೇ ತಿನ್ನಿಸಿ ತಿನ್ನಿಸಿ ಅಂಜೂರನ ಸೋಮಾರಿ ಮಾಡಿದ್ದೆ. ಗೊಬ್ಬರ ನಿಂತು, ಬೇರು ಕಡಿದ ಮೇಲೇ ಕಾಯಿ ಬಿಟ್ಟಿದೆ ನೋಡಿ."

"ನಾನು ನಿಂಬೇನ ನೀರಲ್ಲಿ ಮುಳುಗಿಸಿ ಇಟ್ಟಿದ್ದೆ" ಎಂದಳು ಟೈಲರಮ್ಮ. ಇಬ್ಬರೂ ಒಗೆಯುವ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೇಕರಿಯಲ್ಲಿ ಒಂದು ತಟ್ಟೆ ಬನ್ನು ಸೀದುಹೋಯಿತು.

ಆ ಬೇಸಿಗೆ ಅಂಜೂರ ಒಟ್ಟೊಟ್ಟಿಗೆ ಹಣ್ಣಾಗಿ, ಹಕ್ಕಿಗಳಿಗಿಂತ ಮುಂಚೆ ಏಳುವುದೇ ಮನೆಮಂದಿಯ ಕೆಲಸವಾಯಿತು. ತಿಂದು ಮಿಕ್ಕಿದ್ದು ಜಾಮ್ ಆಗಿ ಬೇಕರಿಯ ಬನ್ನಿನೊಳಗೆ ಸೇರಿತು. ನಿಂಬೆಗೆ ಅವಸರವಿಲ್ಲ; ಬೇಕೆಂದಾಗ ಕಿತ್ತುಕೊಳ್ಳಬಹುದು. ಅದರ ಸಿಪ್ಪೆಯನ್ನು ತುರಿದು ಪುಟ್ಟಿ ಕೇಕಿಗೆ ಹಾಕಿದಳು. ಮದುವೆ ಹುಡುಗಿಯೊಬ್ಬಳ ಬಿಳಿ ಉಡುಪಿಗೆ ಸೂಜಿಯ ತುಕ್ಕು ಹತ್ತಿದಾಗ, ಟೈಲರಮ್ಮ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹರಡಿ ಕಲೆಯ ಗುರುತೂ ಇಲ್ಲದಂತೆ ಮಾಡಿಕೊಟ್ಟಳು.

ಈಗ ಬೀದಿಯವರು ಅಂಜೂರದ ಕಡ್ಡಿ ಕೇಳಿಕೊಂಡು ಬರುತ್ತಾರೆ. ಪುಟ್ಟಿ ಕತ್ತರಿಸಿಕೊಡುವಾಗ, ಮುದ್ದು ಮಾಡಬೇಡಿ, ಸ್ವಲ್ಪ ಹಸಿದಿರಲಿ, ಬೇರಿಗೆ ಜಾಗ ಇಕ್ಕಟ್ಟಾದರೂ ಪರವಾಗಿಲ್ಲ ಎಂದು ಎಚ್ಚರಿಸುತ್ತಾಳೆ. ನಿಂಬೆಗೆ ಮಾತ್ರ ಹೊತ್ತು ಹೊತ್ತಿಗೆ ಊಟ ಹಾಕಬೇಕು, ಆದರೆ ಕಾಲು ನೆನೆಯಬಾರದು ಎಂದು ಟೈಲರಮ್ಮ ಕಿಟಕಿಯಿಂದಲೇ ಸೇರಿಸುತ್ತಾಳೆ. ಹೀಗೆ ಹೇಳುವಾಗ ಬಾಯಲ್ಲಿ ಸೂಜಿ ಇರುವುದರಿಂದ ಅರ್ಧ ಜನಕ್ಕೆ ಅರ್ಥವಾಗುವುದಿಲ್ಲ. ಪುಟ್ಟಿ ಮತ್ತೊಮ್ಮೆ ಬಿಡಿಸಿ ಹೇಳುತ್ತಾಳೆ.