ಶಾಂತತ್ತಿಯ ಒನ್ಸ್ ಮೋರ್

ಸೇಂಗಾ ಹಿಂಡಿಯ ವಾಸನೆ ಎಲ್ಲಿಯಾದರೂ ಮೂಗಿಗೆ ಬಡಿದರೆ ಸಾಕು, ಕೊಟ್ಟೂರಿನ ಆ ಎಣ್ಣೆ ಮಿಲ್ಲಿನ ಗೋದಾಮಿನೊಳಗೆ ಹೋಗಿ ಕುಳಿತುಬಿಡುತ್ತೇನೆ. ತೊಂಬತ್ತರ ದಶಕದ ಮಾತು. ಮಿಲ್ಲು ನಿಂತ ಮೇಲೆ ಅಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸಂಗೀತ ಇಡುತ್ತಿದ್ದರು. ಮುನ್ನೂರು ಮಂದಿ ಹಿಡಿಸುವ ಜಾಗ. ನಡುವೆ ಹಗ್ಗ ಕಟ್ಟಿ ಜಮಖಾನ ಇಳಿಬಿಟ್ಟು ಆಚೆ ಗಂಡಸರು, ಈಚೆ ಹೆಂಗಸರು. ಟಿಕೆಟ್ಟಿಲ್ಲದವರು ನುಗ್ಗಬಾರದೆಂದು ಹಾಡು ಶುರುವಾದೊಡನೆ ಷಟರ್ ಎಳೆದು ಹೊರಗಿನಿಂದ ಬೀಗ ಜಡಿಯುತ್ತಿದ್ದರು. ಮುಗಿಯುವ ತನಕ ಯಾರೂ ಹೊರಗೆ ಹೋಗುವಂತಿಲ್ಲ. ತಗಡಿನ ಚಾವಣಿ, ಒಂದೇ ಫ್ಯಾನು, ಅದೂ ಗಾಯಕರ ಕಡೆಗೆ. ಅಬ್ಬಬ್ಬಾ, ಆ ಧಗೆ!

ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದವಳು ಶಾಂತತ್ತಿ, ಅಪ್ಪನ ತಂಗಿ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅತ್ತಿ ಇದ್ದಿರಬೇಕು, ಮಾತು ಅಡುಗೆಮನೆ ದಾಟದವಳು. ತಾತನ ಅಪ್ಪಣೆಯಲ್ಲಿ ಅವಳಿಗೆ ಹೊರಗೆ ಕಾಲಿಡಲು ಇದ್ದ ನೆಪ ಒಂದೇ, ಹಿಟ್ಟಿನ ಗಿರಣಿ. ಜೋಳದ ಡಬ್ಬಿ ಗಿರಣಿಯಲ್ಲಿಟ್ಟು ನಾವು ಗೋದಾಮು ಸೇರುತ್ತಿದ್ದೆವು. 'ತಾತ ಕೇಳಿದ್ರ ಗಿರಣ್ಯಾಗ ಪಾಳಿ ಭಾಳ ಇತ್ತು ಅನ್ನು' ಎಂದು ದಾರಿಯುದ್ದಕ್ಕೂ ಪಾಠ ಮಾಡುತ್ತಿದ್ದಳು. ನನಗಾಗ ಒಂಬತ್ತು ವರ್ಷ.

ಆ ಭಾನುವಾರ ಗದಗಿನ ಕಡೆಯ ಗಾಯಕರೊಬ್ಬರು ತತ್ವಪದ ಹಾಡಿದರು. ಶಾಂತತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಮ್ಮ ಕಡೆ ಒನ್ಸ್ ಮೋರ್ ಕೂಗಿ ಒಂದೇ ಪದ ಮೂರು ಸಲ ಹಾಡಿಸದಿದ್ದರೆ ಗಾಯಕನಿಗೂ ಸಮಾಧಾನವಿಲ್ಲ. ಆದರೆ ಕೂಗುವವರು ಗಂಡಸರು. ಅವತ್ತು ಅವರು ಬಾಯಿ ತೆರೆಯುವ ಮೊದಲೇ ನನ್ನ ಪಕ್ಕದಿಂದ ದನಿ ಎದ್ದಿತು: 'ಒನ್ಸ್ ಮೋರ್!' ಕೂಗಿದ ಶಾಂತತ್ತಿಯೇ ಬೆಚ್ಚಿಬಿದ್ದಳು. ಗೋದಾಮು ಗೊಳ್ಳೆಂದು ನಕ್ಕಿತು. ಗಾಯಕರು ಜಮಖಾನದತ್ತ ಕೈಮುಗಿದು 'ಆತು ತಾಯಿ, ನಿಮ್ಮ ಸಲುವಾಗಿ' ಎಂದರು.

ಆಗ ಆಚೆಯಿಂದ ಎರಡು ಒಣಕೆಮ್ಮು ಕೇಳಿಸಿದವು. ಆ ಕೆಮ್ಮು ತಾತನದು. ಅಧ್ಯಕ್ಷರ ಕುರ್ಚಿಗೆ ಅವರನ್ನು ಕರೆದಿದ್ದರೆಂದು ನಮಗೇನು ಗೊತ್ತು? 'ಅಯ್ಯೋ, ಅಪ್ಪ ಅದಾನ!' ಅತ್ತಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಷಟರಿನತ್ತ ನೋಡಿದಳು. ಬೀಗ. ತಾನೇ ಬೇಡಿದ ಪದವನ್ನು ತಲೆ ತಗ್ಗಿಸಿ ಕೊನೆಯವರೆಗೂ ಕೇಳಿಸಿಕೊಂಡು ಕುಳಿತಳು. ಪಾಪ, ಎದ್ದು ಓಡುವುದಕ್ಕಾದರೂ ಒಂದು ಬಾಗಿಲು ತೆರೆದಿರಬಾರದಿತ್ತೇ?

ಷಟರ್ ತೆರೆದಾಗ ನಾವಿಬ್ಬರೂ ತಾತನ ಕಣ್ಣಿಗೆ ಬಿದ್ದೆವು. ಮನೆಗೆ ಬಂದ ಮೇಲೆ ಅವರು ನಮ್ಮಿಬ್ಬರನ್ನೂ ಪಡಸಾಲೆಯಲ್ಲಿ ನಿಲ್ಲಿಸಿದರು. ದನಿ ಯಾರದೆಂದು ನಿಜಕ್ಕೂ ತಿಳಿಯಲಿಲ್ಲವೋ, ಮಗಳಿಗೆ ಒಂದು ದಾರಿ ಬಿಟ್ಟರೋ, ನನಗಿನ್ನೂ ಗೊತ್ತಿಲ್ಲ. ನನ್ನ ಮುಖ ನೋಡಿ, 'ಒದರಿದಾಕಿ ನೀನೇನವ್ವಾ?' ಎಂದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಸಣ್ಣ ಹುಡುಗಿ, ಎರಡು ಬೈಗುಳ ತಿಂದು ಆಟಕ್ಕೆ ಓಡುತ್ತಿದ್ದೆ. ಶಾಂತತ್ತಿ ನನ್ನನ್ನೇ ನೋಡುತ್ತಿದ್ದಳು. ಗಿರಣಿಯ ಸುಳ್ಳು ಕಲಿಸಿದ್ದಳು, ಈ ಸುಳ್ಳು ಕಲಿಸಿರಲಿಲ್ಲ. 'ನಾನಲ್ಲ, ಒದರಿದಾಕಿ ಅತ್ತಿ' ಎಂದೆ.

ಮರುದಿನದಿಂದ ಜೋಳದ ಡಬ್ಬಿ ಆಳಿನ ಹೆಗಲೇರಿತು. ಶಾಂತತ್ತಿ ನನ್ನ ಮೇಲೆ ಸಿಟ್ಟಾಗಲಿಲ್ಲ, ನನಗೆ ಹೆರಳು ಹಾಕುವುದನ್ನೂ ಬಿಡಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟದ್ದು. ತಾತ ಹೋದರು, ಗೋದಾಮು ಕೆಡವಿದರು. ಅಷ್ಟರಲ್ಲಿ ಹೊರಗೆ ಹೋಗುವ ರೂಢಿಯೇ ಅವಳಿಗೆ ತಪ್ಪಿಹೋಗಿತ್ತು. ಕಾಯಿಲೆ ಬಿದ್ದಾಗ ಹಾಸಿಗೆಯ ಪಕ್ಕ ಕುಳಿತು, 'ಅತ್ತಿ, ಅವತ್ತು ನಾನು ಹೂಂ ಅನ್ನಬೇಕಿತ್ತು' ಎಂದೆ.

'ಇರ್ಲಿ ಬಿಡವ್ವಾ' ಎಂದು ನನ್ನ ಕೈ ಸವರಿದಳು. 'ಅದು ನನ್ನ ದನಿ ಅಂತ ಯಾರಾದ್ರೂ ಒಬ್ರು ಹೇಳಬೇಕಿತ್ತಲ್ಲ.'